ಮಾನ್ಯಖೇಟದ ಯುದ್ಧಲಾಭವೂ ಪುಷ್ಪದಂತನ ಒಂದು ಬಿಡಿಪದ್ಯವೂ

ಯುದ್ಧದಿಂದ ಯಾರಿಗೆ ಏನು ದೊರೆಯಿತೆಂಬುದನ್ನು ಅರಸರ ಶಾಸನಗಳು ವಿವರವಾಗಿ ಹೇಳುತ್ತವೆ. ಅದರ ಹೊರೆಯನ್ನು ಹೊತ್ತವರು ಯಾರೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಈ ಕೊರತೆಯನ್ನು ತುಂಬುವ ಸಾಮಗ್ರಿ ಕೆಲವೊಮ್ಮೆ ಗ್ರಂಥಗಳ ಆದ್ಯಂತ ಪ್ರಶಸ್ತಿಗಳಲ್ಲಿ, ಪ್ರತಿಯಿಂದ ಪ್ರತಿಗೆ ವ್ಯತ್ಯಾಸಗೊಳ್ಳುವ ಬಿಡಿಪದ್ಯಗಳಲ್ಲಿ ಉಳಿದಿರುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಚೋಳವಿಜಯದಿಂದ ಮಾನ್ಯಖೇಟದ ಸೂರೆಯವರೆಗಿನ ಕಾಲ, ಎಂದರೆ ಕ್ರಿ.ಶ. 949ರಿಂದ 972ರವರೆಗಿನ ಅವಧಿ, ಇದಕ್ಕೆ ತಕ್ಕ ನಿದರ್ಶನ.

ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ಕೃಷ್ಣನು ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವುಗಳನ್ನು ಕೊಟ್ಟನೆಂದು ಆತಕೂರು ಶಾಸನ ಹೇಳುತ್ತದೆ. ಬೂತುಗನು ತನ್ನ ಸೇವಕ ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಳ್ಚಾಗಿ ಕೊಟ್ಟನು. ಮಣಲೆರನು ಒಡೆಯನಿಂದ ಬೇಡಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ತಕ್ಕೋಲದಲ್ಲಿ ಮಡಿದ ಕಾಲಾಳುಗಳ ಹೆಸರು ಆ ಕಲ್ಲಿನಲ್ಲಿಲ್ಲ. ಮಡಿದವನ ಮನೆಯವರಿಗೆ ನೆತ್ತರುಗೊಡಗೆ ಬಿಡುವ ಪದ್ಧತಿ ಕನ್ನಡ ನಾಡಿನಲ್ಲಿ ಇದ್ದದ್ದು ನಿಜ. ಆದರೆ ಅರಸರ ಮಟ್ಟದ ಹಂಚಿಕೆಯ ಲೆಕ್ಕದಲ್ಲಿ ಅಂಥವರಿಗೆ ಸ್ಥಾನವಿಲ್ಲ.

ಈ ಹಂಚಿಕೆಯ ಉದ್ದೇಶವನ್ನು ಕೃಷ್ಣನ ಕರ್ಹಾಡ ತಾಮ್ರಪಟವು ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ಶಕ 880ರ ಫಾಲ್ಗುಣ ಬಹುಳ ತ್ರಯೋದಶಿಯಂದು, ಎಂದರೆ ಕ್ರಿ.ಶ. 959ರ ಮಾರ್ಚಿಯಲ್ಲಿ, ಅರಸನು ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದನು. ದಕ್ಷಿಣದ ಮಂಡಲಗಳಿಂದ ತನ್ನ ಆಶ್ರಿತರಿಗೆ ಜೀವಿತಗಳನ್ನು ಕಲ್ಪಿಸುವುದು, ಮಂಡಲಾಧಿಪತಿಗಳ ಸರ್ವಸ್ವವನ್ನು ವಶಪಡಿಸಿಕೊಳ್ಳುವುದು, ದೇವಾಲಯಗಳನ್ನು ಸ್ಥಾಪಿಸುವುದು ಇವು ಆ ಬೀಡಿನ ಪ್ರಯೋಜನಗಳೆಂದು ಅದರಲ್ಲಿ ಉಕ್ತವಾಗಿದೆ. ಜೀವಿತವೆಂದರೆ ಊರುಗಳ ಆದಾಯ. ಆ ಆದಾಯವೆಂದರೆ ಸೋತ ನಾಡಿನ ಒಕ್ಕಲು ತೆರುವ ತೆರಿಗೆ. ಗೆದ್ದವರ ಜೀವಿತ ಇತರರ ದುಡಿಮೆಯ ಮೇಲೆ ನಿಂತದ್ದು.

ಇದಾದ ಸುಮಾರು ಹದಿನೈದು ದಿನಗಳಲ್ಲಿ, ಶಕ 881ರ ಚೈತ್ರ ಶುದ್ಧ ತ್ರಯೋದಶಿಯಂದು, ಸೋಮದೇವ ಸೂರಿಯ ಯಶಸ್ತಿಲಕ ಚಂಪು ಮುಗಿಯಿತು. ಅದರ ಅಂತ್ಯಪ್ರಶಸ್ತಿಯೂ ಪಾಂಡ್ಯ, ಸಿಂಹಳ, ಚೋಳ, ಚೇರರನ್ನು ಗೆದ್ದು ಮೇಲ್ಪಾಡಿಯಲ್ಲಿದ್ದ ಕೃಷ್ಣನನ್ನು ಸ್ಮರಿಸುತ್ತದೆ. ಹಿಟ್ಟಿನ ಕೋಳಿಯ ಬಲಿಯಲ್ಲಿಯೂ ಸಂಕಲ್ಪಹಿಂಸೆಯನ್ನು ಕಂಡ ಯಶೋಧರಚರಿತೆಯನ್ನು ವಿಸ್ತರಿಸಿದ ಗ್ರಂಥಕ್ಕೆ ಕಾಲಸೂಚಕವಾಗಿ ನಿಂತದ್ದು ಸೇನೆಯ ಬೀಡು! ಇದು ಅಂದಿನ ಸಂಪ್ರದಾಯ. ಸೋಮದೇವನ ಮತವನ್ನು ಇದರಿಂದ ನಿರ್ಣಯಿಸಲಾಗದು. ಮೊದಲಲ್ಲಿಯೇ ಯುದ್ಧೋದ್ಯಮವನ್ನು ಉಪದೇಶಿಸುವವನನ್ನು ಮಂತ್ರಿಯೆಂದೇ ಅವನ ನೀತಿವಾಕ್ಯಾಮೃತ ಒಪ್ಪುವುದಿಲ್ಲ.

ಅದೇ ಕಾಲದಲ್ಲಿ ಮಾನ್ಯಖೇಟದಲ್ಲಿ, ಮಂತ್ರಿ ಭರತನ ಆಶ್ರಯದಲ್ಲಿ, ಪುಷ್ಪದಂತನು ಅಪಭ್ರಂಶ ಮಹಾಪುರಾಣವನ್ನು ಆರಂಭಿಸಿದನು. ತುಡಿಗನೆಂಬ ಅರಸನು ಚೋಳನ ತಲೆಯನ್ನು ಕತ್ತರಿಸಿದ ಸಂಗತಿ ಅದರ ಮೊದಲಲ್ಲಿ ಬರುತ್ತದೆ. ತುಡಿಗನೆಂದರೆ ಮೂರನೆಯ ಕೃಷ್ಣನೇ. ಗ್ರಂಥವು ಕ್ರಿ.ಶ. 965ರಲ್ಲಿ ಸಮಾಪ್ತವಾಯಿತು. ಎರಡು ವರ್ಷಗಳಲ್ಲಿ ಕೃಷ್ಣನು ತೀರಿಕೊಂಡನು. ಅವನ ತಮ್ಮ ಖೊಟ್ಟಿಗನ ಕಾಲದಲ್ಲಿ, 972ರಲ್ಲಿ, ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು.

ಈ ಸೂರೆಗೆ ಮೂರು ಸಾಕ್ಷ್ಯಗಳಿವೆ. ಸೀಯಕನು ಖೊಟ್ಟಿಗನ ಸಿರಿಯನ್ನು ರಣದಲ್ಲಿ ಕೊಂಡನೆಂದು ಪರಮಾರರ ಉದಯಪುರ ಪ್ರಶಸ್ತಿ ಹೊಗಳುತ್ತದೆ. ಧಾರೆಯಲ್ಲಿ ತಂಗಿ ಸುಂದರಿಗಾಗಿ ಪಾಇಯಲಚ್ಛೀ ಎಂಬ ಪ್ರಾಕೃತ ಕೋಶವನ್ನು ರಚಿಸಿದ ಧನಪಾಲನಿಗೆ ಅದು ವಿಕ್ರಮ ಸಂವತ್ 1029ನ್ನು ಗುರುತಿಸುವ ಘಟನೆ. ಮೂರನೆಯದು ಮಹಾಪುರಾಣದ ಕೆಲವು ಪ್ರತಿಗಳಲ್ಲಿ ಸಂಧಿಯ ಮೊದಲಲ್ಲಿ ದೊರೆಯುವ ಒಂದು ಸಂಸ್ಕೃತ ಪದ್ಯ. ದೀನರಿಗೂ ಅನಾಥರಿಗೂ ಧನವಾಗಿದ್ದ, ಜನಭರಿತವಾಗಿದ್ದ, ಹೂಬಳ್ಳಿಯ ತೋಟಗಳಿದ್ದ ಪುರವು ಧಾರಾನಾಥನ ಕೋಪಾಗ್ನಿಯಲ್ಲಿ ಬೆಂದುಹೋಯಿತು. ಇನ್ನು ಪುಷ್ಪದಂತನು ಎಲ್ಲಿ ವಾಸಿಸಬೇಕು ಎಂಬುದು ಅದರ ತಾತ್ಪರ್ಯ. ಭರತನ ಪುತ್ರ ಣಣ್ಣನ ಆಶ್ರಯದಲ್ಲಿ ರಚಿತವಾದ ಜಸಹರಚರಿಉ ಕಾವ್ಯದ ಕೊನೆಯಲ್ಲಿಯೂ ತಲೆಬುರುಡೆಗಳೂ ಅಸ್ಥಿಪಂಜರಗಳೂ ಬಿದ್ದ, ದರಿದ್ರರಿಂದ ತುಂಬಿದ ದುರ್ಭಿಕ್ಷದ ನಾಡಿನ ಚಿತ್ರವಿದೆ. ಅದು ಸೂರೆಯ ಅನಂತರದ ಸ್ಥಿತಿಯೆಂಬುದು ವಿದ್ವಾಂಸರ ಊಹೆ. ಕವಿ ಕಾರಣವನ್ನು ಹೇಳಿಲ್ಲ.

965ರಲ್ಲಿ ಮುಗಿದ ಗ್ರಂಥದಲ್ಲಿ 972ರ ಘಟನೆಯ ಪದ್ಯ ಹೇಗೆ ಬಂದಿತು? ಸಂಧಿಗಳ ಆದಿಯಲ್ಲಿರುವ ಇಂತಹ ಪದ್ಯಗಳು ಹೆಚ್ಚಾಗಿ ಭರತನ ಸ್ತುತಿಗಳು. ಎಲ್ಲ ಪ್ರತಿಗಳಲ್ಲಿಯೂ ಅವು ಸಮನಾಗಿಲ್ಲ, ಕಥಾಭಾಗಕ್ಕೆ ಸೇರಿದವೂ ಅಲ್ಲ. ಕವಿಯೇ ಮುಂದೆ ಬರೆದು ಸೇರಿಸಿರಬೇಕು. ಅದನ್ನು ಪಡೆದ ಪ್ರತಿಪರಂಪರೆ ಉಳಿಸಿತು, ಪಡೆಯದ ಪರಂಪರೆಗೆ ಅದು ತಿಳಿಯದೆ ಹೋಯಿತು. ಕಥಾಪಾಠಕ್ಕೆ ಹೊರಗಿನದೆಂದು ಅದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುವುದು ಯುಕ್ತವಲ್ಲ. ಕಾಲಕ್ಕೆ ಹೊಂದದ ಗುಣವೇ ಅದರ ಚಾರಿತ್ರಿಕ ಬೆಲೆ.

ಚೋಳನ ಶಿರಚ್ಛೇದದ ಸಂಗತಿಯೂ ಸುಟ್ಟುಹೋದ ಊರಿನ ಅಳಲೂ ಹೀಗೆ ಒಂದೇ ಗ್ರಂಥದ ಪ್ರತಿಗಳಲ್ಲಿ ಸೇರಿವೆ. ಭರತನ ಆಸ್ಥಾನಸಂಪತ್ತಿನ ಒಂದಂಶ ಕವಿಗೂ ಸಂದಿತ್ತು. ನಷ್ಟದ ಪಾಲೂ ಅವನಿಗೆ ಬಂದಿತು. ಆದರೆ ಅವನಿಗೆ ಬರೆಯಲು ಬರುತ್ತಿತ್ತು. ದೀನರು, ಅನಾಥರು ಎಂದು ಅವನು ಹೆಸರಿಸಿದ ಜನರಿಗೆ ಆ ಒಂದು ಪದ್ಯವನ್ನು ಬಿಟ್ಟು ಬೇರೆ ಶಾಸನವಿಲ್ಲ. ಆದ್ದರಿಂದ ಪ್ರತಿಗಳ ಸೂಚಿಯನ್ನು ಸಿದ್ಧಪಡಿಸುವಾಗ ಆದಿ, ಅಂತ್ಯಗಳನ್ನು ಮಾತ್ರ ಉದ್ಧರಿಸಿ ನಿಲ್ಲಿಸದೆ, ಸಂಧಿ ಆಶ್ವಾಸಗಳ ನಡುವಣ ಬಿಡಿಪದ್ಯಗಳನ್ನೂ ಪತ್ರಸಂಖ್ಯೆಯೊಡನೆ ದಾಖಲಿಸುವುದು ಅವಶ್ಯ.