ಶಾ ಬಡಾವಣೆ, ವಾಷಿಂಗ್ಟನ್

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಹಳೆಯ ಬಡಾವಣೆ. ಅಂತರ್ಯುದ್ಧದಲ್ಲಿ ಕಪ್ಪು ಸೈನಿಕರ ಪಡೆಯನ್ನು ಮುನ್ನಡೆಸಿದ ರಾಬರ್ಟ್ ಗೌಲ್ಡ್ ಶಾನ ಹೆಸರನ್ನು ಹೊತ್ತಿದೆ. ಇಪ್ಪತ್ತನೆಯ ಶತಮಾನದ ಬಹುಭಾಗ ಕಪ್ಪು ಜನರ ನೆಲೆಯಾಗಿದ್ದ ಶಾ, 1990ರ ದಶಕದಿಂದೀಚೆಗೆ ಜೆಂಟ್ರಿಫಿಕೇಶನ್ನಿಗೆ ಒಳಗಾಯಿತು. ಅನುಕೂಲಸ್ಥರು ಬಂದು ನೆಲೆಸಿದರು. ಬಾಡಿಗೆ, ಮನೆಗಳ ಬೆಲೆ, ಅಂಗಡಿಮುಂಗಟ್ಟು ಎಲ್ಲವೂ ಬದಲಾದವು. ಇಂಥ ಬದಲಾವಣೆಯ ಚರ್ಚೆ ಹೆಚ್ಚಾಗಿ ಮನೆ ಬಿಟ್ಟು ಹೋದವರ ಎಣಿಕೆಯಲ್ಲೇ ಮುಗಿದುಬಿಡುತ್ತದೆ. ಹೋಗದೆ ಉಳಿದವರೂ ತಮ್ಮ ಬೀದಿಯಲ್ಲೇ ಪರಕೀಯರಾಗಬಲ್ಲರು ಎಂಬುದನ್ನು ಶಾದ ಇತಿಹಾಸ ತೋರಿಸುತ್ತದೆ.

ಬಡಾವಣೆಯ ಮಗ್ಗುಲಲ್ಲೇ 1867ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯ ಹುಟ್ಟಿತು. 1910ರಲ್ಲಿ ಹೋವರ್ಡ್ ಥಿಯೇಟರ್, 1922ರಲ್ಲಿ ಲಿಂಕನ್ ಥಿಯೇಟರ್ ಬಾಗಿಲು ತೆರೆದವು. ಇಲ್ಲಿನ ಯು ಸ್ಟ್ರೀಟ್‌ಗೆ 'ಬ್ಲ್ಯಾಕ್ ಬ್ರಾಡ್‌ವೇ' ಎಂಬ ಹೆಸರು ಬಂತು. ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಬೆಳೆದದ್ದು ಇಲ್ಲಿಯೇ. ಈ ಏಳಿಗೆಯ ಹಿಂದೆ ಬಲವಂತವೂ ಇತ್ತು. ಕಪ್ಪು ಜನರಿಗೆ ಮಾರಕೂಡದೆಂಬ ಷರತ್ತು ನಗರದ ಅನೇಕ ಮನೆಗಳ ಕ್ರಯಪತ್ರಗಳಲ್ಲೇ ಇರುತ್ತಿತ್ತು. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಬೇರೆಡೆ ಬಾಗಿಲು ಮುಚ್ಚಿದ್ದರಿಂದ ವೈದ್ಯರೂ ಕೂಲಿಕಾರರೂ ಅಕ್ಕಪಕ್ಕದಲ್ಲೇ ಬದುಕಿದರು, ಒಂದೇ ಚರ್ಚಿಗೆ ಹೋದರು.

1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದಾಗ ಗಲಭೆಯ ಬೆಂಕಿ ಇಲ್ಲಿನ ಅಂಗಡಿಸಾಲುಗಳನ್ನು ಸುಟ್ಟಿತು. ಅನಂತರದ ದಶಕಗಳಲ್ಲಿ ಬಂಡವಾಳ ಹೂಡುವವರು ಇತ್ತ ಸುಳಿಯಲಿಲ್ಲ. ಬಡಾವಣೆಯನ್ನು ಕೈಬಿಡದವರೆಂದರೆ ಇಲ್ಲಿನ ಚರ್ಚುಗಳು. ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ವಾಲ್ಟರ್ ಫಾಂಟ್ರಾಯ್, ಪುನರ್ನಿರ್ಮಾಣ ಹೇಗಿರಬೇಕೆಂಬುದನ್ನು ನಿವಾಸಿಗಳೇ ನಿರ್ಧರಿಸಬೇಕೆಂದು ಸಂಘಟನೆ ಕಟ್ಟಿದ್ದರು. ಸರ್ಕಾರದ ನೆರವು ಪಡೆದು ಚರ್ಚುಗಳು ಕಡಿಮೆ ಬಾಡಿಗೆಯ ವಸತಿ ಸಮುಚ್ಚಯಗಳನ್ನು ನಿಲ್ಲಿಸಿದವು. ಮುಂದೆ ಬೆಲೆ ಗಗನಕ್ಕೇರಿದಾಗಲೂ ಎಷ್ಟೋ ಬಡ ಕುಟುಂಬಗಳು ಇಲ್ಲಿಯೇ ಉಳಿಯಲು ಸಾಧ್ಯವಾದದ್ದು ಆ ಕಟ್ಟಡಗಳಿಂದ.

1991ರಲ್ಲಿ ಯು ಸ್ಟ್ರೀಟ್‌ಗೆ ಮೆಟ್ರೋ ಬಂತು, ಹಿಂದೆಯೇ ಬಿಲ್ಡರುಗಳು ಬಂದರು. 1970ರಲ್ಲಿ ನಗರದ ಜನಸಂಖ್ಯೆಯಲ್ಲಿ ಶೇ. 71ರಷ್ಟಿದ್ದ ಕಪ್ಪು ಜನರ ಪಾಲು 2011ರ ಹೊತ್ತಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಶಾ ಕುರಿತು 2017ರಲ್ಲಿ ಪುಸ್ತಕ ಪ್ರಕಟಿಸಿದ ಡೆರೆಕ್ ಹೈರಾ, ಮನೆ ಉಳಿಸಿಕೊಂಡವರ ಕೈಯಿಂದಲೂ ಬಡಾವಣೆಯ ರಾಜಕೀಯ ಮತ್ತು ಸಂಸ್ಕೃತಿ ಜಾರಿದ್ದನ್ನು ದಾಖಲಿಸಿದ್ದಾರೆ. ಸ್ಥಳೀಯ ಸಮಿತಿಗಳಲ್ಲಿ ಹೊಸಬರ ಮಾತಿಗೆ ತೂಕ ಬಂತು. ಸೈಕಲ್ ಪಥ, ನಾಯಿಗಳ ಪಾರ್ಕು ಆದ್ಯತೆಯ ವಿಷಯಗಳಾದವು. ಹೊಸ ಕಟ್ಟಡಗಳು, ಹೋಟೆಲುಗಳು ಕಪ್ಪು ಕಲಾವಿದರ ಹೆಸರನ್ನು ಜಾಹೀರಾತಿಗೆ ಬಳಸಿದವು, ಆದರೆ ಅಲ್ಲಿ ಕೂತು ಉಣ್ಣುವುದು ಹಳಬರ ಕೈಗೆ ಎಟುಕುವಂತಿರಲಿಲ್ಲ. ಹೆಸರನ್ನು ಇಟ್ಟುಕೊಂಡು ಜನರನ್ನು ಬಿಟ್ಟ ಈ ಗೌರವ ಅವಮಾನಕ್ಕೆ ಸಮೀಪವಾದದ್ದು.

ಚರ್ಚುಗಳ ಪಾಡು ಇನ್ನೊಂದು ಬಗೆಯದು. ಮೇರಿಲ್ಯಾಂಡಿನ ಪ್ರಿನ್ಸ್ ಜಾರ್ಜಸ್ ಕೌಂಟಿಗೆ ಹೋದ ಕುಟುಂಬಗಳು ಭಾನುವಾರದ ಪ್ರಾರ್ಥನೆಗೆ ಕಾರಿನಲ್ಲಿ ಇಲ್ಲಿಗೇ ಮರಳುತ್ತವೆ. ಹೀಗಾಗಿ ಕಾರು ನಿಲ್ಲಿಸುವ ಜಾಗವೇ ಜಗಳದ ಮೂಲ. 2015ರಲ್ಲಿ ಸೈಕಲ್ ಪಥದ ಯೋಜನೆ ಬಂದಾಗ, ಅದರಿಂದ ತಮ್ಮ ಧಾರ್ಮಿಕ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು ಯುನೈಟೆಡ್ ಹೌಸ್ ಆಫ್ ಪ್ರೇಯರ್ ಎಂಬ ಚರ್ಚು ಆಕ್ಷೇಪಿಸಿತು. ಮೇಲುನೋಟಕ್ಕೆ ಇದು ಅತಿರೇಕದ ವಾದ. ಆದರೆ ವಾರಕ್ಕೊಮ್ಮೆಯ ಆ ಭೇಟಿಯೇ ಊರಿನೊಂದಿಗೆ ಉಳಿದ ನಂಟಾಗಿದ್ದವರಿಗೆ ಅದು ಅತಿರೇಕವಾಗಿರಲಿಲ್ಲ.

2019ರಲ್ಲಿ ಈ ಸಂಘರ್ಷ ದೇಶಕ್ಕೆಲ್ಲ ಕೇಳಿಸಿತು. ಸೆವೆಂತ್ ಸ್ಟ್ರೀಟ್ ಮತ್ತು ಫ್ಲಾರಿಡಾ ಅವೆನ್ಯೂ ಕೂಡುವಲ್ಲಿನ ಮೊಬೈಲ್ ಅಂಗಡಿಯೊಂದು ವರ್ಷಗಳಿಂದ ಹೊರಗಿನ ಸ್ಪೀಕರಿನಲ್ಲಿ ಗೋ-ಗೋ ಸಂಗೀತ ಹಾಕುತ್ತಿತ್ತು. ಚಕ್ ಬ್ರೌನ್ ರೂಪಿಸಿದ, ಕಾಂಗಾ ಡೋಲುಗಳ ಬಡಿತ ನಿಲ್ಲದೆ ಹಾಡಿನಿಂದ ಹಾಡಿಗೆ ಹರಿಯುವ ಈ ಸಂಗೀತ ವಾಷಿಂಗ್ಟನ್ನಿನದೇ. ಸಮೀಪದ ಹೊಸ ಅಪಾರ್ಟ್‌ಮೆಂಟಿನಿಂದ ದೂರು ಹೋಗಿ ಸ್ಪೀಕರ್ ಸುಮ್ಮನಾಯಿತು. 'ಡೋಂಟ್ ಮ್ಯೂಟ್ ಡಿಸಿ' (ವಾಷಿಂಗ್ಟನ್ ಡಿಸಿಯ ದನಿ ಅಡಗಿಸಬೇಡಿ) ಎಂದು ಜನ ಬೀದಿಗಿಳಿದರು, ಮನವಿಗೆ ಸಾವಿರಾರು ಸಹಿಗಳು ಬಿದ್ದವು, ಕೆಲವೇ ದಿನಗಳಲ್ಲಿ ಸಂಗೀತ ಮರಳಿತು. ಅದೇ ತಿಂಗಳು ಹೋವರ್ಡ್ ವಿಶ್ವವಿದ್ಯಾಲಯದ ಅಂಗಳದಲ್ಲಿ ಹೊಸ ನಿವಾಸಿಗಳು ನಾಯಿ ಅಡ್ಡಾಡಿಸುವುದರ ಬಗ್ಗೆಯೂ ವಿವಾದವೆದ್ದಿತು.

2020ರಲ್ಲಿ ಗೋ-ಗೋ ನಗರದ ಅಧಿಕೃತ ಸಂಗೀತವೆಂದು ಕಾನೂನಾಯಿತು. ಬಾಡಿಗೆ ಕಟ್ಟಡ ಮಾರಾಟಕ್ಕೆ ಬಂದರೆ ಬಾಡಿಗೆದಾರರಿಗೆ ಮೊದಲು ಕೊಳ್ಳುವ ಅವಕಾಶ ನೀಡುವ 1980ರ ಕಾಯ್ದೆಗೆ ಇಷ್ಟು ಪ್ರಚಾರ ಎಂದೂ ಸಿಕ್ಕಿಲ್ಲ. ಆದರೂ ಸಂಗೀತಕ್ಕೆ ಕಿವಿಗೊಡುವವರು ಅದೇ ಬೀದಿಯಲ್ಲಿ ಉಳಿಯಲು ಇಂಥ ಕಾಯ್ದೆಯೂ ಚರ್ಚುಗಳು ಕಟ್ಟಿದ ಮನೆಗಳೂ ಬೇಕು.