ಯಂತ್ರದ ಉಸಿರು ಬಿಡಿಸಿದ ಕಥೆ



ಕೊರೊನಾ ಹಾವಳಿಯ 2020 ಮತ್ತು 2021ರಲ್ಲಿ ನಮ್ಮ ಗಡಿಭಾಗದ ಊರುಗಳಲ್ಲಿ ಒಂದು ಮಾತು ಮನೆಮನೆಯಲ್ಲೂ ಓಡಾಡುತ್ತಿತ್ತು: “ವೆಂಟಿಲೇಟರ್ ಹಾಕಿದರಂತೆ, ಇನ್ನೇನು ಮುಗೀತು.” ಭಯ ಪೂರಾ ಸುಳ್ಳಲ್ಲ, ಆ ಯಂತ್ರಕ್ಕೆ ಹೋದವರಲ್ಲಿ ಬಹಳ ಮಂದಿ ಉಳಿಯಲಿಲ್ಲ. ಆದರೆ ಉಳಿದವರೂ ಇದ್ದರಲ್ಲ, ಅವರಿಂದ ಯಂತ್ರವನ್ನು ತೆಗೆದದ್ದು ಹೇಗೆ? ಹಾಕಿದ ಸುದ್ದಿ ಊರಿಗೆಲ್ಲ ಹಬ್ಬಿತು, ತೆಗೆದ ಸುದ್ದಿ ಮನೆಯ ಹೊಸ್ತಿಲು ದಾಟಲಿಲ್ಲ. ನಾನು ಡಾಕ್ಟರನಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ತೆಗೆಯುವ ವಿದ್ಯೆಯ ಇತಿಹಾಸವನ್ನು ಲೆಕ್ಕದವನ ಹಾಗೆಯೇ ತಮ್ಮ ಮುಂದೆ ಇಡುತ್ತೇನೆ.

ಡಾಕ್ಟರರು ಇದಕ್ಕೆ ‘ವೀನಿಂಗ್’ ಎನ್ನುತ್ತಾರೆ. ಕೂಸಿಗೆ ಮೊಲೆ ಬಿಡಿಸುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಮಾತು. ನಮ್ಮ ತಾಯಂದಿರು ಬೇವಿನ ರಸ ಹಚ್ಚಿ ಬಿಡಿಸುತ್ತಿದ್ದರು. ಕೂಸು ಅತ್ತರೂ ಅನ್ನಕ್ಕೆ ಹೊಂದಿಕೊಳ್ಳುತ್ತದೆ. ಉಸಿರಿನ ವಿಷಯ ಅಷ್ಟು ಸಲೀಸಲ್ಲ.

ಕಥೆ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಿಂದ ಶುರುವಾಗುತ್ತದೆ. 1952ರಲ್ಲಿ ಅಲ್ಲಿ ಪೋಲಿಯೊ ಹಬ್ಬಿತು. ಅದೂ ವೈರಸ್ ರೋಗವೇ. ಆದರೆ ಅದು ಹಿಡಿಯುವುದು ಶ್ವಾಸಕೋಶವನ್ನಲ್ಲ, ಉಸಿರಾಡಿಸುವ ಸ್ನಾಯುಗಳ ನರಗಳನ್ನು. ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ದೇಹವನ್ನೇ ಒಳಗಿಟ್ಟು ಉಸಿರಾಡಿಸುವ ದೊಡ್ಡ ಯಂತ್ರ ಇದ್ದದ್ದು ಒಂದು, ಎದೆಗೆ ಕಟ್ಟುವಂಥವು ಆರು. ಮೊದಲ ಮೂರು ವಾರಗಳಲ್ಲಿ ಇವುಗಳಿಂದ ಚಿಕಿತ್ಸೆ ಪಡೆದ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಆಗಸ್ಟ್ 27ರಂದು 12 ವರ್ಷದ ಹುಡುಗಿಯೊಬ್ಬಳ ಕತ್ತಿನಲ್ಲಿ ಮಾಡಿಸಿದ ರಂಧ್ರಕ್ಕೆ ಕೊಳವೆ ಇಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಹಿಂಡಿ ಉಸಿರು ಕೊಟ್ಟರು. ಹುಡುಗಿ ಬದುಕಿದಳು. ಆಮೇಲೆ ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳು ಚೀಲ ಹಿಂಡಿದರು. ಒಮ್ಮೊಮ್ಮೆ 70 ರೋಗಿಗಳಿಗೆ ಏಕಕಾಲಕ್ಕೆ!

ಇಲ್ಲೊಂದು ಸೂಕ್ಷ್ಮವಿದೆ, ನೋಡಿ. ಚೀಲ ಹಿಂಡುವ ಕೈಗೆ ರೋಗಿ ತಾನಾಗಿ ಎಳೆದ ಉಸಿರು ತಿಳಿಯುತ್ತದೆ. ಮುಂದೆ ಕೈಯ ಜಾಗಕ್ಕೆ ಮೋಟಾರು ಬಂತು. ಅದಕ್ಕೆ ದಣಿವಿಲ್ಲ, ಆದರೆ ಇವನು ಇನ್ನು ಸ್ವಂತ ಉಸಿರಾಡಬಲ್ಲನೇ ಎಂದು ಕೇಳುವವರೂ ಬೇಕಾಯಿತು.

ಮುಂದೆ ಬಹಳ ವರ್ಷ ವೈದ್ಯರು ನಂಬಿದ್ದು ನಿಧಾನವನ್ನು. ನಿಮಿಷಕ್ಕೆ ಯಂತ್ರ ಕೊಡುವ ಉಸಿರನ್ನು ಇವತ್ತು ಎರಡು, ನಾಳೆ ಎರಡು ಎಂದು ಇಳಿಸುತ್ತಾ ಹೋಗುವುದು. 1995ರಲ್ಲಿ ಸ್ಪೇನಿನ ಆಂದ್ರೆಸ್ ಎಸ್ತೆಬಾನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಬಿಡಿಸಲು ಸಿದ್ಧರೆಂದು ತೋರಿದ 546 ರೋಗಿಗಳನ್ನು ಮೊದಲು ಸ್ವಂತ ಉಸಿರಿಗೆ ಬಿಟ್ಟು ನೋಡಿದರೆ, 416 ಮಂದಿ ನೇರವಾಗಿ ಪಾಸು! ಇಳಿಸುವ ಲೆಕ್ಕವೇ ಅವರಿಗೆ ಬೇಕಿರಲಿಲ್ಲ. ಉಳಿದ 130 ಮಂದಿಯಲ್ಲೂ, ಹಂತಹಂತವಾಗಿ ಉಸಿರಿನ ಎಣಿಕೆ ಇಳಿಸಿದವರಿಗಿಂತ ದಿನಕ್ಕೊಮ್ಮೆ ಸ್ವಂತ ಉಸಿರಿಗೆ ಬಿಟ್ಟವರು ಸುಮಾರು ಮೂರು ಪಟ್ಟು ಬೇಗ ಬಿಡುಗಡೆಯಾದರು. ಬ್ಯಾಂಕಿನಲ್ಲಿ ಕ್ಯಾಶನ್ನು ಅಂದಂದೇ ತಾಳೆ ನೋಡುತ್ತಿದ್ದೆವು. ವಾರಕ್ಕೊಮ್ಮೆ ನೋಡಿದ್ದರೆ ಗತಿಯೇನು?

ತಡ ಮಾಡಿದರೆ ನಷ್ಟವೂ ಇದೆ. ಎದೆ-ಹೊಟ್ಟೆಯ ನಡುವಿನ ವಪೆಯೇ ಉಸಿರಾಟದ ಮುಖ್ಯ ಸ್ನಾಯು. ಮೆದುಳು ಸತ್ತ ಅಂಗದಾನಿಗಳನ್ನು ಪರೀಕ್ಷಿಸಿ 2008ರಲ್ಲಿ ಅಮೆರಿಕದ ವೈದ್ಯರು ಕಂಡದ್ದು: 18ರಿಂದ 69 ಗಂಟೆ ಯಂತ್ರ ದುಡಿದು ವಪೆ ಸುಮ್ಮನಿದ್ದರೆ ಸಾಕು, ಅದರ ಎಳೆಗಳು ಅರ್ಧದಷ್ಟು ಸೊರಗುತ್ತವೆ. ಹಾಗೆಂದು ಅವಸರವೂ ಸಲ್ಲ. ತೆಗೆದ ಕೊಳವೆಯನ್ನು ಮತ್ತೆ ಹಾಕಬೇಕಾಗಿ ಬಂದವರ ಸ್ಥಿತಿ ಇನ್ನೂ ಕಷ್ಟ.

ಕೊರೊನಾ ಹಿಡಿದ ಶ್ವಾಸಕೋಶ ಮಾಯಲು ವಾರಗಳೇ ಬೇಕಾದವು. ರೋಗಿಯನ್ನು ಔಷಧ ಕೊಟ್ಟು ನಿದ್ದೆಯಲ್ಲಿಟ್ಟು, ದಿನಕ್ಕೆ ಹದಿನಾರು ಗಂಟೆಯಷ್ಟು ಬೋರಲು ಮಲಗಿಸುತ್ತಿದ್ದರು. ಆಮೇಲೆ ದಿನದಿನವೂ ತಪಾಸಣೆ. ಆಮ್ಲಜನಕ ನೂರಕ್ಕೆ ನಲವತ್ತರೊಳಗೆ ಸಾಕಾಗುತ್ತದೆಯೇ? ರಕ್ತದೊತ್ತಡ ನಿಂತಿದೆಯೇ? ಕರೆದರೆ ಕಣ್ಣು ಬಿಡುತ್ತಾನೆಯೇ? ಕೆಮ್ಮಿಗೆ ಬಲವಿದೆಯೇ? ಇಷ್ಟಿದ್ದರೆ ಯಂತ್ರದ ಆಸರೆ ತಗ್ಗಿಸಿ ಅರ್ಧ ಗಂಟೆ ಕಾದು ನೋಡುವುದು. ಸೋಂಕು ಗಾಳಿಗೆ ಹರಡದಿರಲೆಂದು ಅನೇಕ ಕಡೆ ಕೊಳವೆಯನ್ನು ಯಂತ್ರದಿಂದ ಬಿಚ್ಚದೆಯೇ ಹೀಗೆ ನೋಡುತ್ತಿದ್ದರು. 1991ರಲ್ಲಿ ಯಾಂಗ್ ಮತ್ತು ಟೋಬಿನ್ ಎಂಬಿಬ್ಬರು ಕೊಟ್ಟ ಲೆಕ್ಕವೂ ಇದೆ. ನಿಮಿಷದ ಉಸಿರಿನ ಎಣಿಕೆಯನ್ನು ಒಂದು ಉಸಿರಿನ ಲೀಟರಿನಿಂದ ಭಾಗಿಸಿ. 24 ಉಸಿರು, ಒಂದೊಂದೂ 0.4 ಲೀಟರು ಎಂದರೆ 60, ಭರವಸೆಯಿದೆ. 40 ಉಸಿರು, 0.25 ಲೀಟರು ಎಂದರೆ 160, ಇನ್ನೂ ಕಾಯಬೇಕು. 105 ಗಡಿ. ಇದೊಂದನ್ನೇ ನೋಡಿ ಯಾರೂ ತೀರ್ಮಾನಿಸುವುದಿಲ್ಲ ಎನ್ನಿ.

ಯಂತ್ರಗಳೇನೋ ಬಂದವು. ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸದಲ್ಲಿ ಬೆಂಗಳೂರಿನ ಬಿ.ಇ.ಎಲ್. 2020ರಲ್ಲಿ 30,000 ವೆಂಟಿಲೇಟರುಗಳ ಕೆಲಸ ಹಿಡಿಯಿತು. ಕನ್ನಡಿಗರು ಹೆಮ್ಮೆಪಡಬಹುದು. ಆದರೆ ಪ್ರತಿ ಹಾಸಿಗೆಯ ಪಕ್ಕ ನಿಂತು ದಿನವೂ ಆ ಪ್ರಶ್ನೆಗಳನ್ನು ಕೇಳುವ ನುರಿತ ದಾದಿ, ಡಾಕ್ಟರು ಕಾರ್ಖಾನೆಯಲ್ಲಿ ತಯಾರಾಗುವುದಿಲ್ಲ.

ಪರೀಕ್ಷೆಗೆ ನಿಲ್ಲುವ ಮುಂಚೆ ಆಮ್ಲಜನಕದ ಒತ್ತಡವೂ ಸ್ಥಿರವಾಗಿರಬೇಕು. ನಮ್ಮ ಕುಂಡಯಿಯಿಂದ ಬಾಣಸ್ತಾರಿ ಸೇತುವೆ ದಾಟಿ ಹೋದರೆ ಸಿಗುವ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು 1842ರ ಪೋರ್ಚುಗೀಸ್ ವೈದ್ಯಶಾಲೆಯ ವಂಶದ್ದು. ಅಲ್ಲಿ 2021ರ ಮೇ 11ರಂದು ಬೆಳಗಿನ 2ರಿಂದ 6 ಗಂಟೆಯೊಳಗೆ 26 ಕೊರೊನಾ ರೋಗಿಗಳು ತೀರಿಕೊಂಡರೆಂದು ಆರೋಗ್ಯ ಮಂತ್ರಿಗಳೇ ತಿಳಿಸಿದರು. ಸಿಲಿಂಡರಿನ ಟ್ರಾಲಿಗಳನ್ನು ಟ್ರ್ಯಾಕ್ಟರಿನಲ್ಲಿ ತಂದು ಜೋಡಿಸುವಾಗಿನ ತೊಡಕಿನಿಂದ ಪೂರೈಕೆಗೆ ಅಡಚಣೆಯಾಗುತ್ತಿತ್ತೆಂಬ ಸಂಗತಿ ಹೈಕೋರ್ಟಿನ ಮುಂದೆ ಬಂತು. ಅದೇ ತಿಂಗಳು 20,000 ಲೀಟರಿನ ದ್ರವ ಆಮ್ಲಜನಕದ ಟಾಕಿ ಕೂರಿಸಿದರು.

ಕೊಳವೆ ತೆಗೆದ ದಿನವೇ ಮನೆಗೆ ಹೋಗುವುದಲ್ಲ. ದನಿ ಒಡೆದಿರುತ್ತದೆ, ನುಂಗುವುದನ್ನು ಹೊಸದಾಗಿ ಕಲಿಯಬೇಕು, ಕಾಲು ನಡುಗುತ್ತವೆ. ಅನೇಕರಿಗೆ ಮೂಗಿನಿಂದ ರಭಸದ ಆಮ್ಲಜನಕ ಕೊಟ್ಟು ಇನ್ನೂ ಕೆಲವು ದಿನ ಕಾಯುತ್ತಾರೆ. ಆಮೇಲೆ ಕೈಗೆ ಬರುತ್ತದೆ ಮೂರು ಚೆಂಡಿನ ಆ ಪ್ಲಾಸ್ಟಿಕ್ ಉಪಕರಣ. ತಮ್ಮಲ್ಲೂ ಅನೇಕರ ಮನೆಯ ಕಪಾಟಿನಲ್ಲಿ ಅದು ಇನ್ನೂ ಇರಬಹುದು. ಬಹಳ ಮಂದಿ ಅದನ್ನು ಊದುತ್ತಾರೆ. ಊದಬಾರದು, ಮೆಲ್ಲಗೆ ಒಳಗೆ ಎಳೆದುಕೊಂಡು ಚೆಂಡನ್ನು ಮೇಲೆ ಹಿಡಿಯಬೇಕು.