ಮ್ಯಾಪ್ ಬೆಳೆದಂತೆ ಸರ್ವರ್ ಬಿಟ್ಟುಕೊಟ್ಟದ್ದು

ಆನ್‌ಲೈನ್ ಆಟವೊಂದಕ್ಕೆ ಹೊಸ ಮ್ಯಾಪ್ ಬಂದಾಗ ಆಡುವವರ ಕಣ್ಣಿಗೆ ಬೀಳುವುದು ಹೊಸ ಬೆಟ್ಟ, ಹೊಸ ಕಡಲು, ಹೊಸ ಪ್ರಾಣಿ. ಸರ್ವರ್ ನಡೆಸುವವರ ಕಣ್ಣು ಇರುವುದು ಬೇರೆ ಕಡೆ: ರ‍್ಯಾಮ್ ಎಷ್ಟು ತಿಂದಿತು, ಸೆಕೆಂಡಿಗೆ ಎಷ್ಟು ಸಲ ಲೋಕದ ಲೆಕ್ಕ ನಡೆಯುತ್ತದೆ ಎಂಬ ಟಿಕ್ ದರ ಎಲ್ಲಿಗೆ ಇಳಿಯಿತು. ಮ್ಯಾಪ್ ದೊಡ್ಡದಾದಷ್ಟೂ ಸರ್ವರ್‌ಗೆ ಭಾರ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ನಿಜವಾದ ಭಾರ ಬರುವುದು ಒಂದೇ ಹೊತ್ತಿಗೆ ಎಚ್ಚರವಾಗಿರುವ ವಸ್ತುಗಳಿಂದ: ನಡೆಯುವ ಪ್ರಾಣಿ, ಉರಿಯುವ ಒಲೆ, ಬಾಗಿಲು ತೆಗೆಯುತ್ತಿರುವ ಆಟಗಾರ. ಹಾಗಾಗಿ ಈ ಕ್ಷೇತ್ರದಲ್ಲಿ ಕೆಲಸ ಮಾಡಿದ ಪ್ರತಿ ತಲೆಮಾರೂ ಒಂದೇ ಪ್ರಶ್ನೆಯನ್ನು ಎದುರಿಸಿದೆ. ಈ ಕ್ಷಣ ಯಾವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ನಡೆಯುತ್ತದೆ?

ಮೊದಲು ಎದುರಾದ ಕೊರತೆ ಮೆಮೊರಿಯದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಬರೆಯತೊಡಗಿ, ಆಮೇಲೆ ರಿಚರ್ಡ್ ಬಾರ್ಟಲ್ ಕೈಗೆ ಬಂದ ‘ಮಡ್’ ಬರೀ ಅಕ್ಷರಗಳ ಆಟ. ಚಿತ್ರವೇ ಇಲ್ಲ, ಇರುವುದು ಕೋಣೆಗಳ ವರ್ಣನೆ, ಹೋಗುವ ದಾರಿಗಳು, ಸಿಗುವ ನಿಧಿ. ಅಷ್ಟಕ್ಕೂ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಟ್ರಬ್‌ಷಾ ಮೂರನೆಯ ಆವೃತ್ತಿಯನ್ನು ಬಿಸಿಪಿಎಲ್ ಭಾಷೆಯಲ್ಲಿ ಹೊಸದಾಗಿ ಬರೆಯಬೇಕಾಯಿತು. ಆಟದ ಲೋಕದ ವಿವರಗಳನ್ನು ಮೂಲ ಪ್ರೋಗ್ರಾಮಿನಿಂದ ಹೊರಗೆ ಬೇರೆ ಕಡತದಲ್ಲಿ ಇಟ್ಟರು. ಇವತ್ತು ನಾವು ಸರ್ವರ್‌ಗೆ ಹೊಸ ಮ್ಯಾಪ್ ಹಾಕುವುದು ಸಾಧ್ಯವಾಗಿರುವುದು ಇಂಥ ವಿಭಜನೆಯಿಂದಲೇ. ಆ ಆಟದಲ್ಲಿ ಇನ್ನೊಂದು ಏರ್ಪಾಡೂ ಇತ್ತು. ನಿಧಿಗಳೆಲ್ಲ ಖಾಲಿಯಾದ ಮೇಲೆ ಲೋಕವನ್ನು ಮೊದಲಿನ ಸ್ಥಿತಿಗೆ ತಂದು ಮತ್ತೆ ಶುರು ಮಾಡುತ್ತಿದ್ದರು. ‘ರಸ್ಟ್’ ಆಟದವರು ಪ್ರತಿ ತಿಂಗಳ ಮೊದಲ ಗುರುವಾರ ಕಡ್ಡಾಯವಾಗಿ ಸರ್ವರ್ ವೈಪ್ ಮಾಡಿಸುವಾಗ ನಡೆಯುವುದೂ ಇದೇ ಕೆಲಸ.

1993ರ ‘ಡೂಮ್’ನಲ್ಲಿ ನಾಲ್ವರು ಕೂಡಿ ಆಡಬಹುದಿತ್ತು, ಆದರೆ ನಾಲ್ಕೂ ಕಂಪ್ಯೂಟರುಗಳು ಒಂದೇ ಲೆಕ್ಕವನ್ನು ಹೆಜ್ಜೆಗೆ ಹೆಜ್ಜೆ ಸೇರಿಸಿಕೊಂಡು ಮಾಡಬೇಕಿತ್ತು. ಒಂದು ಯಂತ್ರ ನಿಧಾನವಾದರೆ ಉಳಿದ ಮೂರೂ ಕಾಯಬೇಕು. 1996ರಲ್ಲಿ ‘ಕ್ವೇಕ್’ ಈ ಕಟ್ಟನ್ನು ಬಿಡಿಸಿತು. ಲೆಕ್ಕವೆಲ್ಲ ಸರ್ವರಿನಲ್ಲಿ, ಆಟಗಾರರಿಗೆ ಫಲಿತಾಂಶ ಮಾತ್ರ. ಮ್ಯಾಪ್ ತಯಾರಿಸುವಾಗಲೇ, ಯಾವ ಮೂಲೆಯಿಂದ ಯಾವ ಮೂಲೆ ಕಾಣಬಹುದು ಎಂಬ ಪಟ್ಟಿಯನ್ನು ಒಂದು ಪ್ರೋಗ್ರಾಮು ಗಂಟೆಗಟ್ಟಲೆ ಕೂತು ಲೆಕ್ಕ ಹಾಕಿ ಕಡತದೊಳಗೆ ಸೇರಿಸಿಬಿಡುತ್ತಿತ್ತು. ಆಟ ನಡೆಯುವಾಗ ಸರ್ವರ್ ಆ ಪಟ್ಟಿ ನೋಡಿ, ಗೋಡೆಯಾಚೆ ಇರುವವರ ಸುದ್ದಿಯನ್ನು ಕಳಿಸುತ್ತಲೇ ಇರಲಿಲ್ಲ. ಮ್ಯಾಪ್ ಮಾಡುವವನ ಮನೆಯ ಕಂಪ್ಯೂಟರು ಒಂದು ರಾತ್ರಿ ದುಡಿದರೆ, ಆ ಮ್ಯಾಪ್ ಹಾಕಿಕೊಂಡ ಎಲ್ಲ ಸರ್ವರುಗಳಿಗೂ ಉಳಿತಾಯ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸೊಗಸಾದ ಉಪಾಯ ಇದೇ.

ಇದು ಗೋಡೆಗಳೊಳಗಿನ ಆಟದ ಮಾತು. ಬಯಲಿಗೆ ಬಂದಾಗ ಗೋಡೆಗಳೂ ಇಲ್ಲ, ಆಟ ಮುಗಿಯುವುದೂ ಇಲ್ಲ. 1997ರ ‘ಅಲ್ಟಿಮಾ ಆನ್‌ಲೈನ್’ ಸಾವಿರಾರು ಜನರಿಗೆ ಸದಾ ತೆರೆದಿರುವ ನಾಡೊಂದನ್ನು ಕಟ್ಟಲು ಹೊರಟಿತು. ವಿನ್ಯಾಸಕಾರ ರಾಫ್ ಕಾಸ್ಟರ್ ಮತ್ತು ಜೊತೆಗಾರರು ಅದರಲ್ಲಿ ಹುಲ್ಲು, ಹುಲ್ಲು ಮೇಯುವ ಪ್ರಾಣಿ, ಅದನ್ನು ತಿನ್ನುವ ಪ್ರಾಣಿ ಎಂಬ ಜೀವಸರಪಳಿಯನ್ನೇ ನಡೆಸುವ ಯೋಜನೆ ಹಾಕಿದ್ದರು. ಪ್ರತಿಯೊಂದು ಪ್ರಾಣಿಯೂ ಹೊತ್ತುಹೊತ್ತಿಗೆ ಸುತ್ತಮುತ್ತ ಏನಿದೆ ಎಂದು ಹುಡುಕಬೇಕು; ಆ ಹುಡುಕಾಟವೇ ಸರ್ವರನ್ನು ಹಿಂಡಿತು. ಮೇಲಾಗಿ ಜನ ಕಂಡ ಕಂಡ ಪ್ರಾಣಿಗಳನ್ನೆಲ್ಲ ಹುಟ್ಟಿದಷ್ಟೇ ಬೇಗ ಕೊಂದುಹಾಕಿದರು. ಯೋಜನೆಯನ್ನು ಕೈಬಿಟ್ಟರು. ಜನಸಂದಣಿಗೆ ಅವರು ಕಂಡುಕೊಂಡ ದಾರಿ ಲೋಕದ ಪ್ರತಿಗಳನ್ನು ಮಾಡುವುದು. ಒಂದೊಂದು ಪ್ರತಿಗೆ ‘ಶಾರ್ಡ್’ ಎಂದು ಹೆಸರು. 2000ದ ವಿಸ್ತರಣೆಯಲ್ಲಂತೂ ಇದ್ದ ನೆಲದ್ದೇ ಇನ್ನೊಂದು ನಕಲು ಮಾಡಿ, ಒಂದರಲ್ಲಿ ಆಟಗಾರರು ಒಬ್ಬರನ್ನೊಬ್ಬರು ಕೊಲ್ಲಬಹುದು, ಇನ್ನೊಂದರಲ್ಲಿ ಕೂಡದು ಎಂದರು. ಹೊಸ ಚಿತ್ರ ಬರೆಯುವ ಖರ್ಚಿಲ್ಲದೆ ನಾಡು ಇಮ್ಮಡಿಯಾಯಿತು.

1999ರ ‘ಎವರ್‌ಕ್ವೆಸ್ಟ್’ ನೆಲವನ್ನೇ ತುಂಡು ಮಾಡಿತು. ತುಂಡಿಗೆ ‘ಝೋನ್’ ಎಂದು ಹೆಸರು, ಒಂದೊಂದಕ್ಕೂ ಬೇರೆ ಬೇರೆ ಪ್ರೋಗ್ರಾಮು. ಗಡಿ ದಾಟುವಾಗ ಪರದೆ ನಿಂತು ಹೊಸ ಝೋನ್ ಲೋಡ್ ಆಗುತ್ತಿತ್ತು. ಬೆನ್ನಟ್ಟಿ ಬರುವ ರಾಕ್ಷಸರಿಗೆ ಆ ಗಡಿ ದಾಟಲು ಆಗುತ್ತಿರಲಿಲ್ಲ. ಅದಕ್ಕೆ ಆಟಗಾರರು ಹತ್ತಿಪ್ಪತ್ತು ರಾಕ್ಷಸರನ್ನು ಬೆನ್ನಿಗೆ ಹಾಕಿಕೊಂಡು ಗಡಿಯತ್ತ ಓಡುವುದು, ದಾರಿಯಲ್ಲಿರುವವರಿಗೆ ‘ಟ್ರೇನ್’ ಎಂದು ಕೂಗಿ ಎಚ್ಚರಿಸುವುದು ರೂಢಿಯಾಯಿತು. ಸರ್ವರಿನ ಮಿತಿಯೊಂದು ಆಟದ ಸಂಪ್ರದಾಯವೇ ಆಗಿಬಿಟ್ಟಿತು. ಹೊಸ ವಿಸ್ತರಣೆ ಬಂದರೆ ಹೊಸ ಝೋನ್‌ಗಳಿಗೆ ಹೊಸ ಯಂತ್ರ ಜೋಡಿಸಿದರಾಯಿತು, ಹಳೆಯದನ್ನು ಮುಟ್ಟಬೇಕಿರಲಿಲ್ಲ. ಕಂಪನಿಗಳ ದೃಷ್ಟಿಯಿಂದ ಇಷ್ಟು ಅನುಕೂಲವಾದ ವ್ಯವಸ್ಥೆ ಬೇರೊಂದಿರಲಿಲ್ಲ.

ಐಸ್‌ಲ್ಯಾಂಡಿನ ಸಿಸಿಪಿ ಸಂಸ್ಥೆಯ ‘ಈವ್ ಆನ್‌ಲೈನ್’ 2003ರಲ್ಲಿ ಬಂದಾಗ ಪ್ರತಿ ಮಾಡಲು ಒಪ್ಪಲಿಲ್ಲ. ಎಲ್ಲ ಆಟಗಾರರಿಗೂ ಒಂದೇ ಬ್ರಹ್ಮಾಂಡ, ಅದರಲ್ಲಿ ಐದು ಸಾವಿರಕ್ಕೂ ಹೆಚ್ಚು ಸೌರಮಂಡಲಗಳು. 2009ರ ‘ಅಪಾಕ್ರಿಫಾ’ ವಿಸ್ತರಣೆಯಲ್ಲಿ ಇನ್ನೂ ಸುಮಾರು 2,500 ಮಂಡಲಗಳನ್ನು ಸೇರಿಸಿದರು. ಮ್ಯಾಪ್ ಒಂದೇ ಏಟಿಗೆ ಅರ್ಧದಷ್ಟು ಬೆಳೆದರೂ ಸರ್ವರ್ ಕುಸಿಯಲಿಲ್ಲ. ಯಾರೂ ಇಲ್ಲದ ಮಂಡಲಕ್ಕೆ ಖರ್ಚು ಬಹಳ ಕಡಿಮೆ, ಅಂಥವನ್ನು ಒಂದೇ ಯಂತ್ರದ ಮೇಲೆ ಹತ್ತಾರು ಕೂರಿಸಬಹುದು. ತೊಂದರೆ ಬಂದದ್ದು ಜನ ಒಂದೇ ಮಂಡಲಕ್ಕೆ ನುಗ್ಗಿದಾಗ. ಒಂದು ಮಂಡಲದ ಲೆಕ್ಕವನ್ನು ಒಂದೇ ಪ್ರೊಸೆಸರ್ ಮಾಡಬೇಕಾದ್ದರಿಂದ ಪಕ್ಕದ ಯಂತ್ರಗಳು ಸುಮ್ಮನಿದ್ದರೂ ನೆರವಿಗೆ ಬರುವಂತಿರಲಿಲ್ಲ. ಕೊನೆಗೆ ಅವರು ಕಾಲವನ್ನೇ ಬಿಟ್ಟುಕೊಟ್ಟರು. ‘ಟೈಮ್ ಡೈಲೇಶನ್’ ಎಂಬ ಏರ್ಪಾಡಿನಲ್ಲಿ ಭಾರ ಹೆಚ್ಚಾದಂತೆ ಆ ಮಂಡಲದ ಗಡಿಯಾರ ನಿಧಾನವಾಗುತ್ತದೆ, ಹತ್ತರಲ್ಲೊಂದು ಭಾಗದ ವೇಗದವರೆಗೂ. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಎಂಬ ಮಂಡಲದಲ್ಲಿ ನಡೆದ ಯುದ್ಧದಲ್ಲಿ 7,500ಕ್ಕೂ ಹೆಚ್ಚು ಪಾತ್ರಗಳು ಪಾಲ್ಗೊಂಡವು, ‘ಟೈಟನ್’ ಎಂಬ ದೈತ್ಯ ನೌಕೆಗಳು 75 ನಾಶವಾದವು. ಇಪ್ಪತ್ತೊಂದು ಗಂಟೆ ಹಿಡಿದ ಆ ಯುದ್ಧ ಎಳೆದದ್ದು ಸೈನಿಕರ ಹಟದಿಂದ ಮಾತ್ರವಲ್ಲ, ಸರ್ವರ್ ತಾನು ನಿಭಾಯಿಸಬಲ್ಲ ವೇಗಕ್ಕೆ ಅದನ್ನು ಇಳಿಸಿದ್ದರಿಂದಲೂ. ಗುಂಡು ಹಾರಿಸಿ ಪರಿಣಾಮಕ್ಕೆ ಕಾದು ಕೂರುವುದು ಬೇಸರದ ಕೆಲಸವೇ. ಆದರೂ ಕ್ರಾಶ್ ಆಗಿ ಎಲ್ಲರೂ ಹೊರಬೀಳುವುದಕ್ಕಿಂತ ಪ್ರಾಮಾಣಿಕವಾದ ಪರಿಹಾರ ಅದು.

ಇಲ್ಲಿಯವರೆಗೆ ಹೇಳಿದ ದೊಡ್ಡ ಲೋಕಗಳೆಲ್ಲ ಕಂಪನಿಗಳ ಯಂತ್ರಕೋಣೆಯಲ್ಲಿದ್ದವು. ‘ಮೈನ್‌ಕ್ರಾಫ್ಟ್’ ಅಂಥ ಲೋಕದ ಹೊರೆಯನ್ನು ಮನೆಮನೆಗೆ ತಂದಿತು. ಅದರ ಸರ್ವರ್ ಸೆಕೆಂಡಿಗೆ 20 ಟಿಕ್ ಓಡಬೇಕು. ಅಂದರೆ ಒಂದು ಟಿಕ್‌ನ ಕೆಲಸ 50 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಮುಗಿಯದಿದ್ದರೆ ಹಸುವೂ ನಿಧಾನ, ಗಾಡಿಯೂ ನಿಧಾನ. ಲೋಕವನ್ನು 16 ಗುಣಿಸು 16ರ ಚಂಕ್‌ಗಳಾಗಿ ಸೀಳಿ, ಆಟಗಾರ ಇರುವ ಆಸುಪಾಸಿನವನ್ನು ಮಾತ್ರ ಎಬ್ಬಿಸಿಡುತ್ತಾರೆ. 2021ರ ನವೆಂಬರಿನ 1.18 ಆವೃತ್ತಿ ಲೋಕದ ಎತ್ತರವನ್ನು 256ರಿಂದ 384 ಬ್ಲಾಕಿಗೆ ಏರಿಸಿತು. ಅದೇ ಆವೃತ್ತಿ, ಕಣ್ಣಿಗೆ ಕಾಣುವ ದೂರ ಬೇರೆ, ಲೆಕ್ಕ ನಡೆಯುವ ದೂರ ಬೇರೆ ಎಂದು ಎರಡು ಸೆಟ್ಟಿಂಗ್ ಕೊಟ್ಟಿತು. ದೂರದ ಬೆಟ್ಟ ಕಾಣಲಿ, ಅಲ್ಲಿನ ಕುರಿ ನಡೆಯದಿದ್ದರೂ ಸರಿ. ಹೊಸ ಚಂಕ್ ಹುಟ್ಟಿಸುವುದು ಎಲ್ಲಕ್ಕಿಂತ ದುಬಾರಿಯಾದ್ದರಿಂದ ತಿಳಿದವರು ಸರ್ವರ್ ತೆರೆಯುವ ಮುಂಚೆಯೇ ಮ್ಯಾಪನ್ನು ಪೂರ್ತಿ ಹುಟ್ಟಿಸಿಟ್ಟುಕೊಳ್ಳುತ್ತಾರೆ. ಕ್ವೇಕ್ ಕಾಲದ ಜಾಣತನವೇ ಇಲ್ಲಿ ಬೇರೆ ವೇಷದಲ್ಲಿದೆ. ಮುಖ್ಯ ಲೆಕ್ಕವನ್ನು ಒಂದೇ ಎಳೆಯಲ್ಲಿ ನಡೆಸುವ ಕಟ್ಟುಪಾಡನ್ನು ಮುರಿದು, ದೂರದೂರದ ಪ್ರದೇಶಗಳನ್ನು ಬೇರೆ ಬೇರೆ ಪ್ರೊಸೆಸರ್ ಕೋರ್‌ಗಳಿಗೆ ಹಂಚುವ ‘ಫೋಲಿಯಾ’ ಎಂಬ ಸರ್ವರ್ ಪ್ರೋಗ್ರಾಮು 2023ರಲ್ಲಷ್ಟೇ ಬಂತು.

ವಿಸ್ತರಣಾ ಮ್ಯಾಪಿನ ಕಷ್ಟ ಪೂರ್ತಿಯಾಗಿ ತಿಳಿಯಬೇಕಾದರೆ ‘ಆರ್ಕ್: ಸರ್ವೈವಲ್ ಇವಾಲ್ವ್ಡ್’ ನೋಡಬೇಕು. ಅದು ಡೈನೊಸಾರುಗಳನ್ನು ಪಳಗಿಸಿ ಬದುಕುವ ಆಟ. 2015ರ ಜೂನಿನಲ್ಲಿ ಅರೆಬೆಂದ ಸ್ಥಿತಿಯಲ್ಲೇ ಮಾರಾಟಕ್ಕೆ ಬಂತು. ಅದು ಪೂರ್ತಿಯಾಗುವ ಮೊದಲೇ, 2016ರ ಸೆಪ್ಟೆಂಬರಿನಲ್ಲಿ ‘ಸ್ಕಾರ್ಚ್ಡ್ ಅರ್ತ್’ ಎಂಬ ಮರುಭೂಮಿಯನ್ನು ಪ್ರತ್ಯೇಕ ಬೆಲೆಗೆ ಮಾರಿದಾಗ ಆಟಗಾರರು ಸಿಟ್ಟಾದರು. ಆಮೇಲೆ ‘ರಾಗ್ನರಾಕ್’, ‘ಅಬೆರೇಶನ್’, ‘ಎಕ್ಸ್‌ಟಿಂಕ್ಷನ್’, ‘ಜೆನೆಸಿಸ್’, ‘ಫ್ಯೋರ್ಡುರ್’ ಸಾಲುಗಟ್ಟಿ ಬಂದವು. ಇವುಗಳಲ್ಲಿ ರಾಗ್ನರಾಕ್ ಮತ್ತು ಫ್ಯೋರ್ಡುರ್ ಹವ್ಯಾಸಿ ಮಾಡರ್‌ಗಳ ಕೈಯಲ್ಲಿ ಹುಟ್ಟಿ ಆಮೇಲೆ ಅಧಿಕೃತವಾದವು.

ಸರ್ವರ್ ನಡೆಸುವವರು ಇಲ್ಲಿ ಎದುರಿಸುವ ಸಂಗತಿ ಹೀಗಿದೆ. ಪ್ರತಿ ಮ್ಯಾಪಿಗೂ ಸರ್ವರ್ ಪ್ರೋಗ್ರಾಮಿನ ಒಂದು ಪ್ರತ್ಯೇಕ ಪ್ರತಿ ಓಡಬೇಕು. ಒಬ್ಬನೂ ಆಡುತ್ತಿಲ್ಲದಿದ್ದರೂ ಅದು ಹಲವು ಜಿಬಿ ರ‍್ಯಾಮ್ ಹಿಡಿದುಕೊಂಡು ಕೂತಿರುತ್ತದೆ. ಯಾರೂ ಸುತ್ತ ಇಲ್ಲದ ಪ್ರಾಣಿಗಳನ್ನು ಆಟ ‘ಸ್ಟೇಸಿಸ್’ ಎಂಬ ನಿದ್ರೆಗೆ ದೂಡುತ್ತದೆ, ಅದರಿಂದ ಪ್ರೊಸೆಸರಿಗೆ ಬಿಡುವು. ಮೆಮೊರಿಯಲ್ಲಿ ಅವು ಹಾಗೆಯೇ ಉಳಿಯುತ್ತವೆ. ಆಟಗಾರರು ಕಟ್ಟುವ ಕೋಟೆಯ ಪ್ರತಿ ಗೋಡೆ, ಪ್ರತಿ ಕಂಬವೂ ಒಂದೊಂದು ವಸ್ತು. ಜಾಗ ಕಾದಿರಿಸಲು ಬಯಲ ತುಂಬ ಕಂಬ ನೆಡುವವರಿಂದ ಸರ್ವರ್ ಸೊರಗುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಇಡೀ ಲೋಕವನ್ನು ಡಿಸ್ಕಿಗೆ ಬರೆಯುವಾಗ ಎಲ್ಲರ ಪರದೆಯೂ ಒಂದು ಗಳಿಗೆ ಗಕ್ಕನೆ ನಿಲ್ಲುತ್ತದೆ. ಮ್ಯಾಪ್ ಹಳೆಯದಾದಂತೆ ಆ ಗಳಿಗೆ ಉದ್ದವಾಗುತ್ತದೆ. ಅಡ್ಮಿನ್‌ಗಳು ಆಗಾಗ ಕಾಡುಪ್ರಾಣಿಗಳನ್ನೆಲ್ಲ ಒಂದೇ ಆಜ್ಞೆಯಿಂದ ಅಳಿಸಿ ಹೊಸದಾಗಿ ಹುಟ್ಟಲು ಬಿಡುತ್ತಾರೆ. ಮುಖ್ಯ ಲೆಕ್ಕವೆಲ್ಲ ಒಂದೇ ಕೋರ್ ಮೇಲೆ ಬೀಳುವುದರಿಂದ, ಇಂಥ ಸರ್ವರ್‌ಗೆ ಯಂತ್ರ ಕೊಳ್ಳುವವರು ಕೋರ್‌ಗಳ ಎಣಿಕೆಗಿಂತ ಒಂದು ಕೋರ್‌ನ ವೇಗ ಎಷ್ಟು ಎಂದು ಮೊದಲು ನೋಡಬೇಕು. ಬಾಡಿಗೆ ಸರ್ವರಿನ ಜಾಹೀರಾತುಗಳು ಹೇಳಿಕೊಳ್ಳುವುದು ಕೋರ್‌ಗಳ ಸಂಖ್ಯೆಯನ್ನೇ.

ಸರ್ವರಿನ ಭಾರದಿಂದಾಗುವ ತಡಕ್ಕೂ ದೂರದಿಂದಾಗುವ ತಡಕ್ಕೂ ಇರುವ ವ್ಯತ್ಯಾಸ ನಮ್ಮ ಕಡೆಯವರಿಗೆ ಬಹುಕಾಲ ಗೊತ್ತಾಗುವಂತಿರಲಿಲ್ಲ. ಸರ್ವರ್ ಸಿಂಗಪುರದಲ್ಲೋ ಯುರೋಪಿನಲ್ಲೋ ಇದ್ದಾಗ ಲ್ಯಾಗ್ ಎಂದರೆ ಪಿಂಗ್, ಅಂದರೆ ಸಂದೇಶ ಹೋಗಿಬರುವ ಹೊತ್ತು, ಎಂದೇ ಲೆಕ್ಕ. 2016ರಲ್ಲಿ ಅಮೆಜಾನ್ ಮುಂಬೈಯಲ್ಲಿ, ಡಿಜಿಟಲ್‌ಓಶನ್ ಬೆಂಗಳೂರಿನಲ್ಲಿ ಡೇಟಾ ಸೆಂಟರ್ ತೆರೆದ ಮೇಲೆ ಗೆಳೆಯರ ಗುಂಪೊಂದು ತಮ್ಮೂರಿನ ಹತ್ತಿರವೇ ಸರ್ವರ್ ಬಾಡಿಗೆಗೆ ಹಿಡಿಯುವುದು ಸಾಧ್ಯವಾಯಿತು. ದೂರದಿಂದಾಗುತ್ತಿದ್ದ ತಡ ಹೋಯಿತು. ಆದರೂ ಉಳಿದ ಲ್ಯಾಗ್ ಮ್ಯಾಪಿನದ್ದು, ಅದನ್ನು ತಾವೇ ನಿಭಾಯಿಸಬೇಕು ಎಂಬುದು ಆಗ ಅನುಭವಕ್ಕೆ ಬಂತು.

2023ರ ಅಕ್ಟೋಬರಿನಲ್ಲಿ ಬಂದ ‘ಆರ್ಕ್: ಸರ್ವೈವಲ್ ಅಸೆಂಡೆಡ್’ ಅದೇ ಹಳೆಯ ದ್ವೀಪವನ್ನು ಅನ್‌ರಿಯಲ್ ಎಂಜಿನ್ 5ರಲ್ಲಿ ಮತ್ತೆ ಕಟ್ಟಿತು. ಅದರ ಒಂದೇ ಮ್ಯಾಪಿನ ಸರ್ವರ್ ಹತ್ತು ಜಿಬಿಗೂ ಹೆಚ್ಚು ರ‍್ಯಾಮ್ ಕೇಳುತ್ತದೆ. ಹಳೆಯ ಆಟದ ಸರ್ವರ್ ಲಿನಕ್ಸ್ ಮೇಲೂ ನೇರವಾಗಿ ಓಡುತ್ತಿತ್ತು. ಹೊಸದು ಬಂದದ್ದು ವಿಂಡೋಸ್‌ಗೆ ಮಾತ್ರ. ಕಡಿಮೆ ಬಾಡಿಗೆಯ ಲಿನಕ್ಸ್ ಯಂತ್ರ ನಂಬಿದ್ದವರು ವಿಂಡೋಸ್ ಪ್ರೋಗ್ರಾಮನ್ನು ಲಿನಕ್ಸ್ ಮೇಲೆ ಓಡಿಸುವ ಪ್ರೋಟಾನ್ ನಡುವೆ ಇಟ್ಟು ನಡೆಸಬೇಕಾಯಿತು. ಒಂದು ಮ್ಯಾಪ್ ಮಾರುವ ಸಂಸ್ಥೆ ಆಟಗಾರನ ಕಂಪ್ಯೂಟರಿಗೆ ಏನೇನು ಬೇಕು ಎಂದು ಪೆಟ್ಟಿಗೆಯ ಮೇಲೆ ಬರೆಯುತ್ತದೆ. ಸರ್ವರ್‌ಗೆ ಏನು ಬೇಕು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಬೇಕೆಂದು ಕೇಳುವ ಹಕ್ಕು, ಆ ಆಟವನ್ನು ವರ್ಷಗಟ್ಟಲೆ ಸ್ವಂತ ದುಡ್ಡಿನಲ್ಲಿ ಜೀವಂತವಾಗಿಟ್ಟ ಈ ಜನರಿಗಿದೆ.

ಸದ್ಯಕ್ಕೆ ಸಣ್ಣ ಗುಂಪುಗಳು ಎರಡು ಮ್ಯಾಪ್ ಸದಾ ತೆರೆದಿಟ್ಟು, ಮೂರನೆಯದನ್ನು ವಾರಕ್ಕೊಮ್ಮೆ ಬದಲಿಸುವಂಥ ಏರ್ಪಾಡಿನಲ್ಲಿ ನಡೆಸುತ್ತವೆ. ಹಾಗೆ ಮಾಡುವವರು ಒಂದು ಸೆಟ್ಟಿಂಗನ್ನು ಮರೆಯಬಾರದು. ಒಂದು ಮ್ಯಾಪಿನಿಂದ ಇನ್ನೊಂದಕ್ಕೆ ಒಯ್ಯಲೆಂದು ಆಟದ ಲೋಕದಲ್ಲಿರುವ ಕಂಬವಾದ ಒಬೆಲಿಸ್ಕ್‌ಗೆ ಏರಿಸಿದ ಪ್ರಾಣಿ, ಸಾಮಾನುಗಳ ಅವಧಿ ಮೂಲ ಸೆಟ್ಟಿಂಗಿನಲ್ಲಿ 86,400 ಸೆಕೆಂಡು, ಅಂದರೆ ಒಂದೇ ದಿನ. ಅದನ್ನು ಹೆಚ್ಚಿಸದೆ ಮ್ಯಾಪ್ ಮುಚ್ಚಿದರೆ, ವಾರ ಕಳೆದು ಬಂದವನಿಗೆ ತಿಂಗಳುಗಟ್ಟಲೆ ಸಾಕಿದ ಡೈನೊಸಾರ್ ಸಿಗುವುದಿಲ್ಲ.